ಏಳನೆಯ ಸಾಲು

ಪಂಚಾಯ್ತಿಗೆ ದುಡ್ಡು ಬಂದದ್ದು ಒಂದೇ ಹಲಗೆಗೆ.
ಆರಡಿ, ನಾಲ್ಕಡಿ. ನೀಲಿ ನೆಲ, ಬಿಳಿ ಅಕ್ಷರ.
ಮೇಲೆ ‘ನೋಡತಕ್ಕ ಸ್ಥಳಗಳು’, ಕೆಳಗೆ ಏಳು ಸಾಲು,
ಸಾಲಿಗೊಂದು ಬಾಣ, ಬಾಣಕ್ಕೊಂದು ಕಿಲೋಮೀಟರು.
ಅಂದಾಜುಪಟ್ಟಿಯಲ್ಲಿ ಏಳು ಅಂತಿದೆ,
ಬಿಲ್ಲೂ ಏಳಕ್ಕೇ ಪಾಸು, ಎಂದರು ಪಿಡಿಒ ಮೇಡಂ.

ಕರಿಗುಂದದಲ್ಲಿ ಆಗ ಇದ್ದದ್ದು ಎರಡೂವರೆ:
ಒಂದು ಅಬ್ಬಿ,
ಯಾರದೆಂದು ಯಾರಿಗೂ ಗೊತ್ತಿಲ್ಲದ ಒಂದು ಮುರುಕು ಬುರುಜು,
ಮಳೆಗಾಲ ಮುಗಿದ ಮೇಲೆ ಮೂರು ತಿಂಗಳು
ಕೆರೆಯ ವೇಷ ಹಾಕುವ ಕಲ್ಲುಕ್ವಾರಿ.

ನಾನು ಹೊಸನಗರದ ಗಿಲ್ಬರ್ಟ್, ಬೋರ್ಡು ಬರೆಯುವವನು.
ಲಾರಿಯ ಬೆನ್ನಿಗೆ ಹದ್ದು, ಮಂಡಿಯ ಬಾಗಿಲಿಗೆ ‘ಇಂದು ನಗದು’,
ಸತ್ತವರ ಶಿಲುಬೆಗೆ ಹುಟ್ಟಿದ ತಾರೀಕು,
ಎಲ್ಲ ಬರೆದಿದೆ ಈ ಕೈ.
ಕಾಣದ ಊರಿಗೆ ಬಾಣ ಮಾತ್ರ ಬರೆದಿಲ್ಲ.

ನೀರಗಂಟಿ ಹುಚ್ಚಪ್ಪನ ಮೊಪೆಡ್ಡಿನ ಹಿಂದೆ ಕೂತು
ಊರೆಲ್ಲ ಕೇಳಿದೆವು: ನಿಮ್ಮಲ್ಲಿ ನೋಡುವಂಥದ್ದೇನಿದೆ?
ಕೇಳಿದವರು ಮೊದಲು ನಕ್ಕರು,
ಆಮೇಲೆ ತಮ್ಮ ಅಂಗಳವನ್ನೇ ಒಮ್ಮೆ ಹೊಸದಾಗಿ ನೋಡಿದರು.
‘ನಮ್ಮ ಬಾವಿ ಬರ್ಕೊಳ್ಳಿ, ಶಿವರಾತ್ರಿಗೂ ಮೂರೇ ಮೊಳ ಹಗ್ಗ.’
‘ಟವರ್ ಸಿಗೋ ಬಂಡೆ!’ ಎಂದರು ಹುಡುಗರು.
ಹೋಗಿ ನೋಡಿದೆವು. ನಿಜವೇ.
ಇಳಿಹೊತ್ತಲ್ಲಿ ನಾಲ್ವರು ಬಂಡೆಯ ಮೇಲೆ ಕೈಯೆತ್ತಿ ನಿಂತು
ಆಕಾಶದಿಂದ ಏನೋ ಇಸಿದುಕೊಳ್ಳುತ್ತಿದ್ದರು.
ಕೊನೆಯ ಬಸ್ಸು ತಿರುಗಿ ಮಲಗುವ ಹಲಸಿನ ಮರವನ್ನು
ಕಂಡಕ್ಟರನೇ ಸೇರಿಸಿದ. ಆರಾಯಿತು.

ಏಳನೆಯದನ್ನು ಹೇಳಿದವಳು ಹುಲ್ಲುಗುಡ್ಡದ ಗುತ್ಯಮ್ಮ:
‘ಸಮುದ್ರ.’

ಹುಚ್ಚಪ್ಪ ಕೆಮ್ಮಿದ. ಅವಳು ಕತ್ತಿ ಸೊಂಟಕ್ಕೆ ಸಿಕ್ಕಿಸಿ
ಮುಂದೆ ಮುಂದೆ ಹತ್ತಿದಳು, ನಾವು ಹಿಂದೆ.
ತುದಿಯಲ್ಲಿ ನೆಲ ಥಟ್ಟನೆ ಮುಗಿಯುತ್ತದೆ.
ಕೆಳಗೆ ಘಟ್ಟದ ಕಾಡು, ಕಾಡಿನಾಚೆ ಬೂದಿ,
ಬೂದಿಯಾಚೆ ಇನ್ನಷ್ಟು ಬೂದಿ.
‘ಅಕಾ, ಕುಡುಗೋಲಿನ ಅಲಗು ಹೊಳೆದ ಹಾಗೆ.’
ಹುಚ್ಚಪ್ಪನಿಗೆ ಕಂಡಿತಂತೆ.
ನಾನು ಕನ್ನಡಕ ಒರೆಸಿದೆ, ತೆಗೆದೆ, ಹಾಕಿದೆ.
ನನಗೆ ಕಂಡದ್ದು ಮಂಜು.

‘ಕಣ್ಣಿಗೆ ಬಿದ್ದದ್ದನ್ನಷ್ಟೇ ಬರೆಯೋನಾ ನೀನು?
ಮೂಗಿಗೆ ಬಿದ್ದದ್ದು?’ ಅಂದಳು.
ಆಗಲೇ ಕೆಳಗಿನಿಂದ ಗಾಳಿ ಎದ್ದಿತು.
ಉಪ್ಪು, ಹಸಿ, ಒಂದಿಷ್ಟು ಕೊಳೆತ ವಾಸನೆ.
ಮೈ ಜುಂ ಎಂದದ್ದು ನಿಜ.
ಮರುಕ್ಷಣ ಕೆಳತಿರುವಿನಲ್ಲಿ
ಮೀನಿನ ಮೋಯ್ದಿನಬ್ಬನ ಸ್ಕೂಟರು ಪೋಂ ಪೋಂ ಅಂದದ್ದೂ ನಿಜ.

ಮೂರು ದಿನ ಆರು ಸಾಲು ಬರೆದೆ.
ನಾಲ್ಕನೆಯ ದಿನ ಕುಂಚ ತೊಳೆದು, ಬೀಡಿ ಸೇದಿ,
ಏಳನೆಯದು:
‘ಸಮುದ್ರ (ಕಂಡರೆ)’.
ಬಾಣ ಪಡುವಣಕ್ಕೆ. ಕಿಲೋಮೀಟರಿನ ಜಾಗ ಖಾಲಿ.
ಅಳತೆಯಿಲ್ಲದ ಸಾಲೆಂದು ಬಿಲ್ಲಿನಲ್ಲಿ ನಲವತ್ತು ರೂಪಾಯಿ ಮುರಿದರು.

ಮುರಿಯಲಿ. ಮೊನ್ನೆ ಬೇರೆ ಕೆಲಸಕ್ಕೆ ಆ ಕಡೆ ಹೋಗಿದ್ದೆ.
ಹಲಗೆಯ ಒಂದು ಕಾಲಿಗೆ ಎಮ್ಮೆ ಮೈ ಉಜ್ಜಿ
ಬಾಣಗಳೆಲ್ಲ ತುಸು ಆಕಾಶಕ್ಕೆ ಏರಿವೆ.
ಅಬ್ಬಿಗೆ ಹೋದವರು ಹೋಗುತ್ತಾರೆ,
ಬಂಡೆಯ ಮೇಲೆ ಫೋಟೋ ಕಳಿಸಿದವರು ಕಳಿಸುತ್ತಾರೆ,
ಗುಡ್ಡ ಹತ್ತುವವರು ಯಾರೋ ಒಬ್ಬಿಬ್ಬರು.

ಅವತ್ತು ಹತ್ತಿದ್ದು ಗಂಗೊಳ್ಳಿಯ ಗಂಡ ಹೆಂಡತಿ, ಒಂದು ಮಗು.
ಗುತ್ಯಮ್ಮ ಹುಲ್ಲಿನ ಹೊರೆ ಇಳಿಸಿ,
ಕಂಡಿತಾ ಎಂದು ಕೇಳಲಿಲ್ಲ.
‘ನಿಮ್ಮ ದಂಡೆಯಿಂದ ನೋಡಿದರೆ
ನಮ್ಮ ಈ ಗುಡ್ಡ ಕಾಣ್ತದಾ?’ ಎಂದಳು.

ಗಂಡ ಹೆಂಡತಿಯ ಮುಖ ನೋಡಿದ.
ದಿನವೂ ಅಲ್ಲೇ ಬಲೆ ಒಣಗಿಸುವವರು,
ಬೆನ್ನು ಯಾವಾಗಲೂ ಇತ್ತ.
ಮಗು ಮಾತ್ರ, ಹೌದು, ಅಂದಿತು.
ಅದು ಸುಳ್ಳು ಹೇಳಿತೋ ಏನೋ.
ಗುತ್ಯಮ್ಮ ಹೊರೆ ಎತ್ತಿಕೊಂಡಳು.