ಅಗುಳಿ

ಅಬ್ಬಾ ತಂದ ರದ್ದಿಯಲ್ಲಿ ಅದೂ ಇತ್ತು,
ಹೊದಿಕೆ ಇಲ್ಲ, ಹೆಸರಿಲ್ಲ,
ಹದಿನೇಳನೇ ಪುಟದಿಂದ ಶುರುವಾಗುವ ಕತೆ.
ತೂಕಕ್ಕೆ ಹೋಗುವ ಮೊದಲು
ತುಂಗಾನಗರದ ಬೀದಿದೀಪದ ಕೆಳಗೆ
ತಕ್ಕಡಿಯ ಪಕ್ಕ ಕೂತು ಓದಿದೆ.

‘ಆಕೆ ಅಗುಳಿ ಹಾಕಿದಳು’ ಅಂತಿತ್ತು.
ಅನ್ನದ ಅಗುಳು ಗೊತ್ತಿತ್ತು ನನಗೆ,
ಶಾಲೆಯ ಬಿಸಿಯೂಟದಲ್ಲಿ ಕಲಿತದ್ದು;
ಮನೆಯ ಮಾತಲ್ಲಿ ಅದು ದಾನಾ.
ಯಾರಿಗೆ ಹಾಕಿದಳು? ಗುಬ್ಬಿಗೋ, ಕೋಳಿಗೋ?
ಪುಟದ ತುಂಬ ಹುಡುಕಿದೆ, ಒಂದು ರೆಕ್ಕೆಯೂ ಇಲ್ಲ.
ನಡುರಾತ್ರಿ, ಗಂಡನಿಲ್ಲದ ಮನೆ, ಅವಳೊಬ್ಬಳೇ.
ಈ ಹೊತ್ತಲ್ಲಿ ಯಾವ ಕೋಳಿ?
ಇರಲಿ ಅಂತ ಮುಂದೆ ಹೋದೆ
ಹಲ್ಲಿಗೆ ಸಿಕ್ಕ ಕಲ್ಲನ್ನು ಉಗುಳದೆ.

ಮೂರು ಪುಟ ಆದಮೇಲೆ ಯಾರೋ ಬಾಗಿಲು ಬಡಿದರು.
ಅಗುಳಿ ಅಲುಗಿತು.
ಅನ್ನ ಅಲುಗುವುದಿಲ್ಲ.
ಮತ್ತೆ ಬಡಿದರು. ತುಕ್ಕು ಹಿಡಿದ ಅಗುಳಿ, ಅಂತ ಬಂತು.
ಅನ್ನ ಹಳಸುತ್ತದೆ, ತುಕ್ಕು ಹಿಡಿಯುವುದಿಲ್ಲ.
ಆಗ ಹಿಂದಕ್ಕೆ ಹೋಗಿ
ಅವಳ ಕೈಯನ್ನು ಇನ್ನೊಮ್ಮೆ ನೋಡಿದೆ.
ಕತ್ತಲಲ್ಲಿ ಅದು ಬಾಗಿಲ ಮೇಲಿತ್ತು.
ಮೊದಲೂ ಅಲ್ಲೇ ಇತ್ತು.

ನಮ್ಮ ಬಾಗಿಲಿಗೆ ಅದಿರಲಿಲ್ಲ.
ಸೈಕಲ್ ಟ್ಯೂಬಿನ ತುಂಡನ್ನು ಮೊಳೆಗೆ ಸುತ್ತಿ
ಮಲಗುತ್ತಿದ್ದೆವು ಐದು ಜನ.
ಆ ರಾತ್ರಿ ಎಲ್ಲರೂ ನಿದ್ದೆಹೋದ ಮೇಲೆ
ಇಲ್ಲದ ಅಗುಳಿಯನ್ನು
ಸದ್ದಾಗದಂತೆ ಹಾಕಿ ನೋಡಿದೆ.

ಬಂದವರು ಯಾರು, ಅವಳು ತೆಗೆದಳೋ ಇಲ್ಲವೋ
ಗೊತ್ತಾಗಲಿಲ್ಲ. ಬೆಳಿಗ್ಗೆ
ಕಡಲೆಕಾಯಿ ಗಾಡಿಯ ಹಾಲೇಶಣ್ಣ
ಎರಡು ಕೇಜಿ ಕಟ್ಟಿಸಿಕೊಂಡು ಹೋದ.
ಸಂಜೆ ಅವನ ಗಾಡಿಯ ಸುತ್ತ ಬಿದ್ದ ಪೊಟ್ಟಣ ಬಿಡಿಸಿದೆ:
ಉಪ್ಪು, ಸಿಪ್ಪೆ, ಎಂಬತ್ತೊಂದನೇ ಪುಟ.
ಅದರಲ್ಲಿ ಬರೀ ಯಾರದೋ ಮದುವೆಯ ಊಟ.

ಹೀಗೇ ಕಲಿತದ್ದು ನನ್ನ ಕನ್ನಡ,
ಹೊಸ ಬೀದಿಯಲ್ಲಿ ವಿಳಾಸ ವಿಚಾರಿಸಿದ ಹಾಗೆ
ಅಕ್ಕಪಕ್ಕದ ಪದಗಳನ್ನು ಕೇಳಿ ಕೇಳಿ.
ಕೆಲವು ತಪ್ಪು ದಾರಿ ತೋರಿಸಿದವು.
ಅಪರೂಪ ಅಂದರೆ ಕುರೂಪ ಅಂದುಕೊಂಡು
ವರ್ಷವಿಡೀ ಶಕುಂತಲಾ ಟೀಚರ್ ಮೇಲೆ ಸಿಟ್ಟಿದ್ದೆ,
ನನ್ನನ್ನು ಅಪರೂಪದ ಹುಡುಗ ಅಂದಿದ್ದಕ್ಕೆ.
ಇನ್ನೂ ಯಾವ್ಯಾವ ಪದ ತಪ್ಪಾಗೇ ಉಳಿದಿವೆಯೋ,
ಅವೂ ನನ್ನ ಜೊತೆ ಚೆನ್ನಾಗೇ ಇವೆ.

ಈಗ ಗಾಂಧಿ ಬಜಾರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ.
ನಿನ್ನೆ ರಿಪ್ಪನ್‌ಪೇಟೆ ಕಡೆಯ ಅಜ್ಜಿಯೊಬ್ಬರು
‘ಒಂದು ಅಗುಳಿ ಕೊಡಿ’ ಅಂದರು.
ಕಿಣಿ ಸಾಹುಕಾರರ ಮಗ ಕಣ್ಣುಕಣ್ಣು ಬಿಟ್ಟ:
ಚಿಲಕವಾ? ಟವರ್ ಬೋಲ್ಟಾ? ಏನಜ್ಜಿ ಅದು?

ನಾನು ಆಗಲೇ ಏಣಿ ಮೇಲಿದ್ದೆ.
ಆರಿಂಚಾ ಎಂಟಿಂಚಾ,
ಅಷ್ಟು ಮಾತ್ರ ಕೇಳಿದೆ.