ಹಸಿರು-ಹಳದಿ

ಬೆಂಡಿಗೋ, ಜನವರಿ. ಕಾದ ತಗಡಿನ ಮಾಡಿನಡಿ
ಹೊಟ್ಟೆಯ ಮೇಲೆ ತೆವಳುತ್ತಿದ್ದೇನೆ, ಹಲ್ಲಲ್ಲಿ ಟಾರ್ಚು.
ನಲವತ್ತೊಂದರ ಅಪ್ರೆಂಟಿಸ್ಸು ನಾನು.
ಕೆಳಗೆ ಏಣಿ ಹಿಡಿದವನು ಟ್ರೆಂಬಾತ್, ಅರವತ್ತಾರು,
ಮಂಡಿ ಹೋಗಿದೆ, ಹತ್ತಲಾರ.
ದನಿ ಮಾತ್ರ ಹತ್ತಿ ಬರುತ್ತದೆ:
"ಮೊದಲು ಟೆಸ್ಟರನ್ನು ಟೆಸ್ಟ್ ಮಾಡಿದೆಯಾ?"
"ಹ್ಞೂಂ."
"ಆಮೇಲೆ ತಂತಿ?"
"ಹ್ಞೂಂ."
"ಮತ್ತೆ ಟೆಸ್ಟರು?"

ಸತ್ತಿದೆ ಅಂದವರ ಮಾತು ಕೇಳಬೇಡ,
ತಂತಿಯನ್ನೇ ಕೇಳು.
ಎಡಗೈ ಜೇಬಿನಲ್ಲಿರಲಿ.
ಒಂದು ಕೈಯಲ್ಲಿ ಹೊಕ್ಕದ್ದು ಇನ್ನೊಂದರಲ್ಲಿ ಹೊರಡುವಾಗ
ದಾರಿಯಲ್ಲಿ ಎದೆ ಸಿಗುತ್ತದೆ, ಅನ್ನುತ್ತಾನೆ.
ತೆವಳುವವಳಿಗೆ ಜೇಬೆಲ್ಲಿಯದು ಮಾರಾಯಾ!
ಎಡಗೈಯನ್ನು ಹೊಟ್ಟೆಯಡಿ ಇಟ್ಟುಕೊಂಡೆ
ಕಾವಿಗೆ ಕೂತ ಕೋಳಿಯ ಹಾಗೆ.

ಕೊಯ್ದದ್ದು ಕರೆಂಟಲ್ಲ.
ಹೊರಳುವಾಗ ತಗಡಿನ ಅಂಚು
ಬಲ ಹೆಬ್ಬೆರಳನ್ನು ಬಾಳೆಹಣ್ಣಿನಂತೆ ಸೀಳಿತು.
ನೂರು ವರ್ಷದ ಧೂಳಿನ ಮೇಲೆ
ಹನಿ, ಹನಿ.

ವ್ಯಾನಿನಲ್ಲಿ ಕಾಯಿದೆಯಂತೆ ಒಂದು ಡಬ್ಬಿ ಇತ್ತು.
ಡಬ್ಬಿಯಲ್ಲಿ ಫ್ಯೂಸು, ಸಕ್ಕರೆಯ ಪೊಟ್ಟಣ,
ಅವನು ವಾರದಿಂದ ಹುಡುಕುತ್ತಿದ್ದ ಕನ್ನಡಕ.
"ಅಯ್ಯೋ, ಇಲ್ಲಿದೆಯೇ!" ಎಂದು ಅದನ್ನು ಮೊದಲು ಏರಿಸಿಕೊಂಡ.
ಆಮೇಲೆ ನನ್ನ ಬೆರಳು.
ಬಾಟಲಿ ನೀರು ಸುರಿದು ತೊಳೆದ,
ಪೈ ಅಂಗಡಿಯ ಕಾಗದದ ಕರವಸ್ತ್ರ ನಾಲ್ಕು ಮಡಿಸಿ ಒತ್ತಿದ,
ಟೇಪಿಗೆ ತಡಕಾಡಿದ.
ಕಪ್ಪು ಮುಗಿದಿತ್ತು.
"ಕೆಂಪು ಬೇಡ, ಜೀವ ಇರುವ ತಂತಿಗೆ ಅದು,
ಯಾರಾದರೂ ನಿನ್ನ ಮುಟ್ಟಲು ಹೆದರಿಯಾರು."
ಉಳಿದದ್ದು ಹಸಿರು-ಹಳದಿ, ಅರ್ತಿಂಗಿನದು.

ರಾಣೆಬೆನ್ನೂರಲ್ಲಿ ಗುರುಶಾಂತ ಕಾಕಾನದು
ಮೋಟಾರು ರಿವೈಂಡಿಂಗ್ ಅಂಗಡಿ.
ಗಾಯವಾದರೆ ವಾರ್ನಿಶ್ ಬಳಿಯುತ್ತಿದ್ದ,
ತಾಮ್ರಕ್ಕೂ ತೊಗಲಿಗೂ ಒಂದೇ ಬ್ರಷ್ಷು.
ಹೆಣ್ಣುಮಕ್ಕಳು ಒಳಗೆ ಬರಕೂಡದು,
ಸುತ್ತು ಎಣಿಸಲು ಮಾತ್ರ ಹೊಸ್ತಿಲಾಚೆ ನಾನು ಬೇಕು.
"ಎಷ್ಟಾತವ್ವಾ?"
"ಮುನ್ನೂರ ಹನ್ನೆರಡು, ಕಾಕಾ."
ಒಮ್ಮೆಯೂ ತಪ್ಪಲಿಲ್ಲ.
ತಂತಿ ಮಾತ್ರ ಒಮ್ಮೆಯೂ ಕೈಗೆ ಬರಲಿಲ್ಲ.

ಟ್ರೆಂಬಾತ್ ಸುತ್ತುತ್ತಾನೆ; ಅಭ್ಯಾಸ, ನಾನು ಎಣಿಸುತ್ತೇನೆ.
ಐದು. ಆರು.
"ಕೊನೆಯ ಸುತ್ತು ಎಳೆಯಬಾರದು, ಸುಮ್ಮನೆ ಮಲಗಿಸಬೇಕು.
ಎಳೆದದ್ದು ರಾತ್ರಿ ತಾನಾಗಿ ಬಿಚ್ಚಿಕೊಳ್ಳುತ್ತದೆ."
ಏಳು.
ಉಗುರು ಒತ್ತಿದ: ಬಿಳಿ.
ಬಿಟ್ಟ: ಮೆಲ್ಲಗೆ ಕೆಂಪು.
"ಸಪ್ಲೈ ಇದೆ," ಅಂದ. "ಆಸ್ಪತ್ರೆಗೆ ನಡಿ, ಹೊಲಿಗೆ ಬೇಕು."

ಇನ್ನೊಂದು ಜಂಕ್ಷನ್ ಇತ್ತು. ಅದನ್ನು ಮುಗಿಸಿಯೇ ಇಳಿದೆ.
ಬೈದ. ಆಮೇಲೆ ಏನೂ ಅನ್ನದೆ ವ್ಯಾನು ತಿರುಗಿಸಿದ.

ನಾಲ್ಕು ಹೊಲಿಗೆ. ನರ್ಸು ಟೇಪನ್ನು ಕತ್ತರಿಸುತ್ತಾ ನಕ್ಕಳು:
"ಇವತ್ತಿಗೆ ಇದು ಮೂರನೆಯದು. ಬಣ್ಣ ಮಾತ್ರ ಹೊಸದು."
ಕಿಟಕಿಯಾಚೆ ಟ್ರೆಂಬಾತ್,
ಬಿಸಿಲಲ್ಲಿ, ಯಾವ ತಂತಿಯೂ ಇಲ್ಲದ ಕಡೆ,
ಬಲಗೈಯಲ್ಲಿ ಚಹಾ,
ಎಡಗೈ ಜೇಬಿನಲ್ಲಿ.