ಹೊರಗಿನದು

ತೋರಣಗಲ್ಲಿನ ಈ ಸಣ್ಣ ವಿಮಾನ ನಿಲ್ದಾಣದಲ್ಲಿ
ಲೌಂಜು ಅಂತ ಇರುವುದು ಒಂದೇ ಖೋಲಿ.
ಆರು ಸೋಫಾ, ಕೆಮ್ಮುವ ಒಂದು ಕಾಫಿ ಮಷೀನು,
ಬಾಗಿಲಿಗೆ ನಾನು, ಗಾದಿಲಿಂಗ,
ನನ್ನ ತಲೆಯ ಮೇಲೆ ಬೋರ್ಡು:
ಹೊರಗಿನ ಆಹಾರ ಒಳಗೆ ತರುವಂತಿಲ್ಲ.
ಅದರ ಕೆಳಗೆ ಸಣ್ಣಕ್ಷರದಲ್ಲಿ,
ಕೂಸಿನ ಹಾಲು ಮತ್ತು ಔಷಧಿ ಹೊರತುಪಡಿಸಿ.

ಬೋರ್ಡು ಬರೆಸಿದವರನ್ನು ನಾನು ನೋಡಿಲ್ಲ.
ಅವರೂ ನೋಡಿಲ್ಲ,
ಒಳಗಿನ ಉಪ್ಪಿಟ್ಟು ಬೆಳಗಿನ ಐದಕ್ಕೆ
ಹೊಸಪೇಟೆಯಲ್ಲಿ ಟೆಂಪೋ ಹತ್ತುವುದನ್ನು,
ಅದಿರಿನ ಲಾರಿಗಳ ಹಿಂದೆ ಮೂವತ್ತು ಕಿಲೋಮೀಟರು ಕುಲುಕಿ
ಮುಚ್ಚಳದ ಮೇಲೆ ಕೆಂಪು ದೂಳು ಹೊತ್ತು
ಅರ್ಚನೆ ಮಾಡಿಸಿಕೊಂಡು ಬಂದಂತೆ ಇಳಿಯುವುದನ್ನು.
ನಾನು ಒರೆಸುತ್ತೇನೆ. ರಸೀದಿ ಹರಿಯುತ್ತೇನೆ.
ಆಮೇಲೆ ಅದು ಒಳಗಿನದು.

ಮಂಗಳವಾರ ಹೊನ್ನೂರಬೀ ಬಂದಳು,
ಕಣ್ಣಿನ ಪೊರೆ ತೆಗೆಸಲು ಹೈದರಾಬಾದಿಗೆ ಹೊರಟವಳು.
ಪಾಸು ಅಳಿಯ ಮಾಡಿಸಿಕೊಟ್ಟದ್ದು.
ಕಂಕುಳಲ್ಲಿ ಸ್ಟೀಲಿನ ಡಬ್ಬಿ, ಹಳೆ ಓಢಣಿಯ ಗಂಟು.
ಬಿಚ್ಚುವ ಮೊದಲೇ ಮೂಗಿಗೆ ಗೊತ್ತಾಯಿತು:
ಒಗ್ಗರಣಿ.
ನೆನೆಸಿ ಹಿಂಡಿದ ಮಂಡಕ್ಕಿ, ಹುಣಸೆಹುಳಿ, ಅರಿಶಿನ,
ಮೇಲೆ ಉದುರಿಸಿದ ಪುಠಾಣಿ ಹಿಟ್ಟು,
ಜೊತೆಗೆ ಮಿರ್ಚಿಯ ಪೊಟ್ಟಣ,
ಅದರ ಎಣ್ಣೆ ಆಗಲೇ ಕಾಗದದ ಗಡಿ ದಾಟಿತ್ತು.

'ಅಮ್ಮಾ, ಹೊರಗಿಂದು ಒಳಗ ತರಂಗಿಲ್ಲ.'
'ಹೊರಗಿಂದಲ್ಲಪ್ಪಾ, ಮನ್ಯಾಗಿಂದು.'

ತರಬೇತಿಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ.
ಬೋರ್ಡು ತೋರಿಸಿದೆ.
'ಕಣ್ಣು ಮಂಜು, ನೀನಾ ಓದು' ಅಂದಳು.
ಓದಿದೆ.
ಕೂಸಿನ ಹಾಲು ಬಂದಾಗ ನಕ್ಕಳು.
'ನನಗೂ ಹಲ್ಲಿಲ್ಲ. ಕೂಸಂತ ಬರಕೋ.
ಅದಕ್ಕಾ ಮೆತ್ತಗ ನೆನಸೀನಿ.'

'ಕ್ಯಾಮೆರಾ ಐತಮ್ಮಾ' ಅಂದೆ, ಮೇಲೆ ನೋಡದೆ.

ಜಗಳವಾಡಲಿಲ್ಲ.
ಗಾಜಿನ ಬಾಗಿಲಿನ ಆಚೆ ನಾಲ್ಕೇ ಹೆಜ್ಜೆ,
ಕಬ್ಬಿಣದ ಕುರ್ಚಿಯಲ್ಲಿ ಕೂತು ಡಬ್ಬಿ ತೆಗೆದಳು.
ಬೋರ್ಡು ಅಲ್ಲಿಯವರೆಗೆ ಹೋಗುವುದಿಲ್ಲ,
ವಾಸನೆ ಅಲ್ಲಿಗೇ ನಿಲ್ಲುವುದೂ ಇಲ್ಲ.
ಒಳಗೆ ಉಕ್ಕಿನ ಕಂಪನಿಯ ಇಬ್ಬರು
ಉಪ್ಪಿಟ್ಟಿನಲ್ಲಿ ಚಮಚ ನೆಟ್ಟು ತಲೆ ಎತ್ತಿದರು.
ಒಬ್ಬ ಎದ್ದ.
ಹೊರಗೆ ಹೋದಾನು ಅಂದುಕೊಂಡೆ.
ಏಸಿ ಜೋರು ಮಾಡಿ ಮತ್ತೆ ಕೂತ.

ನನ್ನ ಡಬ್ಬಿಯೂ ಇದೆ,
ಜನರೇಟರಿನ ಹಿಂದೆ, ಜಾಲಿಯ ಮುರುಕು ನೆರಳಲ್ಲಿ.
ಹಂಪಮ್ಮ ಬಡಿದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ.
ಎರಡು ವರ್ಷದಿಂದ ಅಲ್ಲೇ ಉಣ್ಣುತ್ತೇನೆ.
ಇದು ಹೊರಗಿನದು ಅಂತ
ಒಂದು ದಿನವೂ ಅನ್ನಿಸಿರಲಿಲ್ಲ.
ಮಂಗಳವಾರ ರೊಟ್ಟಿ ಮುರಿಯುವಾಗ ಅನ್ನಿಸಿತು.

ವಿಮಾನ ಹೋಯಿತು.
ಕುರ್ಚಿಯ ಮೇಲೆ ಪೊಟ್ಟಣ ಉಳಿದಿತ್ತು,
ಮರೆತಳೋ, ಇಟ್ಟಳೋ.
ವಾರಸುದಾರರಿಲ್ಲದ ವಸ್ತು ಮುಟ್ಟಬಾರದು:
ಅದು ಇನ್ನೊಂದು ಬೋರ್ಡು.
ಸೆಕ್ಯುರಿಟಿಯ ದುರುಗಪ್ಪನನ್ನು ಕರೆದೆ.
ಯಂತ್ರ ಆಡಿಸಿದ. ಕೂಗಲಿಲ್ಲ.
ಬಗ್ಗಿದ, ಮೂಸಿದ, ಗಂಭೀರನಾದ.
'ಅಪಾಯ ಐತಿ ಗಾದಿ.
ಮಿರ್ಚಿ ಆರಾಕ ಹತ್ಯಾವ.'

ರಿಜಿಸ್ಟರು ತೆಗೆದೆ.
ವಸ್ತು: ಮಿರ್ಚಿ ಎರಡು, ಒಗ್ಗರಣಿ ಒಂದು ಹಿಡಿ.
ಸಿಕ್ಕ ಜಾಗ: ಬಾಗಿಲಿನಿಂದ ನಾಲ್ಕು ಹೆಜ್ಜೆ.
ಒಳಗೋ ಹೊರಗೋ, ಅದಕ್ಕೆ ಕಾಲಂ ಇಲ್ಲ.
ವಿಲೇವಾರಿ:
ಅಲ್ಲಿ ಪೆನ್ನು ನಿಂತಿತು.
ದುರುಗಪ್ಪ ಗೋಡೆಗೆ ಮುಖ ಮಾಡಿ ಅಗಿಯುತ್ತಿದ್ದ.
ನನ್ನ ಬಾಯಿಯೂ ಖಾಲಿ ಇರಲಿಲ್ಲ.

ಹಾಳೆ ತಿರುವುವಾಗ ಆ ಖಾನೆಗೆ
ಅರಿಶಿನದ ಹೆಬ್ಬೆಟ್ಟು ಹತ್ತಿತು.
ತಿಂಗಳ ಕೊನೆಗೆ ತಪಾಸಣೆಗೆ ಬಂದ ಸಾಹೇಬರು
ಅದನ್ನು ಬೆಳಕಿಗೆ ಹಿಡಿದು ನೋಡಿದರು,
ಯಾರದೋ ಸಹಿ ಅಂದುಕೊಂಡರೇನೋ,
ಪಕ್ಕಕ್ಕೆ ಒಂದು ಟಿಕ್ಕು ಹಾಕಿ
ಉಪ್ಪಿಟ್ಟು ತರಹೇಳಿದರು.